ಗ್ರಾಫಿಕ್ಸ್ ಕಾರ್ಡ್‌ಗೆ ಎರಡನೇ ಎಸ್‌ಎಂಪಿಎಸ್: ಮಲೆನಾಡಿನಲ್ಲಿ ಹೆಚ್ಚಿನ ಎಚ್ಚರ ಬೇಕು

ಮಾನ್ಯ ಸಂಪಾದಕರೆ,

ಮದುವೆ ವಿಡಿಯೊ ಸಂಕಲನ ಮಾಡುವವರೂ ಅನಿಮೇಷನ್, ಕೃತಕ ಬುದ್ಧಿಮತ್ತೆ ಕಲಿಯುವ ವಿದ್ಯಾರ್ಥಿಗಳೂ ಹಳೆಯ ಕಂಪ್ಯೂಟರಿಗೇ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಳ್ಳುವುದು ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳಲ್ಲಿ ಈಗ ಸಾಮಾನ್ಯ. ಒಳಗಿರುವ ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಸಾಲದಾದಾಗ ಅದನ್ನು ಬದಲಿಸದೆ, ಕಾರ್ಡ್‌ಗೆಂದೇ ಇನ್ನೊಂದು ಅಗ್ಗದ ಎಸ್‌ಎಂಪಿಎಸ್ ತಂದು, ಅದರ 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ವೈರನ್ನು ಕಪ್ಪು ವೈರಿಗೆ ತುಂಡು ತಂತಿಯಿಂದ ಸೇರಿಸಿ ಚಾಲೂ ಮಾಡಿಕೊಡುವುದನ್ನು ಕೆಲವೆಡೆ ಕಂಡಿದ್ದೇನೆ. ಸಂಕಲನವೇ ನನ್ನ ಕಸುಬಾದ್ದರಿಂದ ಈ ಬಗ್ಗೆ ಬರೆಯುವುದು ಅಗತ್ಯವೆನಿಸಿತು.

ಕಾರ್ಡ್‌ಗೆ ಪ್ರತ್ಯೇಕ ವಿದ್ಯುತ್ ಕೊಡುವ ಯೋಚನೆಯೇ ತಪ್ಪೆಂದು ನಾನು ಹೇಳುತ್ತಿಲ್ಲ. ತ್ರೀಡಿಎಫ್‌ಎಕ್ಸ್ ಕಂಪನಿ 2000ದ ಸುಮಾರಿಗೆ ರೂಪಿಸಿದ ವೂಡೂ5 6000 ಕಾರ್ಡ್‌ಗೆ ಹೊರಗಿನಿಂದಲೇ ವಿದ್ಯುತ್ ಕೊಡುವ ಏರ್ಪಾಡಿತ್ತು, ಆದರೆ ಆ ಕಾರ್ಡ್ ಮಾರುಕಟ್ಟೆಗೆ ಬರಲಿಲ್ಲ. ಲ್ಯಾಪ್‌ಟಾಪಿಗೆ ಜೋಡಿಸುವ ಹೊರಗಿನ ಗ್ರಾಫಿಕ್ಸ್ ಪೆಟ್ಟಿಗೆಗಳಲ್ಲಿ ಇಂದಿಗೂ ಬೇರೆಯದೇ ಪೂರೈಕೆ ಇರುತ್ತದೆ. ಅವೆಲ್ಲ ಅದಕ್ಕೆಂದೇ ವಿನ್ಯಾಸಗೊಂಡವು; ತುಂಡು ತಂತಿಯ ಜೋಡಣೆಗೆ ಆ ರಕ್ಷಣೆ ಇಲ್ಲ.

ಗ್ರಾಫಿಕ್ಸ್ ಕಾರ್ಡ್ ಮದರ್‌ಬೋರ್ಡಿನ ಸ್ಲಾಟಿನಿಂದ ಗರಿಷ್ಠ 75 ವ್ಯಾಟ್ ಪಡೆಯಬಹುದು. ಮೇಲಿನಿಂದ ಸಿಕ್ಕಿಸುವ 6 ಪಿನ್ನಿನ ಕೇಬಲ್ 75 ವ್ಯಾಟ್, 8 ಪಿನ್ನಿನದು 150 ವ್ಯಾಟ್ ಕೊಡುತ್ತದೆ. ಹೀಗಾಗಿ ಎರಡನೇ ಎಸ್‌ಎಂಪಿಎಸ್ ಹಾಕಿದರೂ ಕಾರ್ಡ್ ಎರಡೂ ಕಡೆಯಿಂದ ವಿದ್ಯುತ್ ಎಳೆಯುತ್ತಲೇ ಇರುತ್ತದೆ. ಎರಡೂ ಒಟ್ಟಿಗೇ ಆನ್ ಆಗಿ ಒಟ್ಟಿಗೇ ಆಫ್ ಆಗಬೇಕು, ಎರಡರ ಗ್ರೌಂಡ್ (ಕಪ್ಪು ವೈರು, ಅಂದರೆ ಸೊನ್ನೆ ವೋಲ್ಟಿನ ತುದಿ) ಒಂದೇ ಆಗಿರಬೇಕು. ತುಂಡು ತಂತಿಯಿಂದ ಚಾಲೂ ಮಾಡಿದ ಎಸ್‌ಎಂಪಿಎಸ್ ಕಂಪ್ಯೂಟರ್ ಆಫ್ ಆದ ಮೇಲೂ ಕಾರ್ಡ್‌ಗೆ 12 ವೋಲ್ಟ್ ಕೊಡುತ್ತಲೇ ಇರುತ್ತದೆ. ಅಂಥ ಸ್ಥಿತಿಯಲ್ಲಿ ಕಾರ್ಡಿಗೂ ಬೋರ್ಡಿಗೂ ಹಾನಿಯಾಗುವ ಸಂಭವವಿದೆ.

ನಮ್ಮಲ್ಲಿ ತೊಂದರೆ ಇನ್ನೂ ಹೆಚ್ಚುವುದು ಯುಪಿಎಸ್‌ನಿಂದ. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಮಾತ್ರ ತಾಳುವುದರಿಂದ, ಕಂಪ್ಯೂಟರನ್ನು ಯುಪಿಎಸ್‌ಗೂ ಎರಡನೇ ಎಸ್‌ಎಂಪಿಎಸ್ ಅನ್ನು ನೇರ ಗೋಡೆಯ ಸಾಕೆಟ್ಟಿಗೂ ಕೊಡುತ್ತಾರೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದ ಕ್ಷಣವೇ ಕಾರ್ಡ್ ನಿಂತು, ಯುಪಿಎಸ್‌ನ ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ ಕಂಪ್ಯೂಟರ್ ಸ್ತಬ್ಧವಾಗುತ್ತದೆ, ಉಳಿಸದ ಕೆಲಸವೆಲ್ಲ ಹೋಗುತ್ತದೆ. ಯುಪಿಎಸ್ ಕೊಂಡ ಉದ್ದೇಶವೇ ಅಲ್ಲಿಗೆ ವ್ಯರ್ಥ. ಗುಡುಗು ಸಿಡಿಲಿನ ಮುಂಗಾರುಪೂರ್ವ ಮಳೆ ಬರುವ ಹೊತ್ತಿಗೆ ಜಂಬಿಟ್ಟಿಗೆ ನೆಲ ಒಣಗಿ ಅರ್ಥಿಂಗ್ ದುರ್ಬಲವಾಗಿರುತ್ತದೆ ಎಂಬುದನ್ನೂ ಮರೆಯಬಾರದು. ಎರಡು ಎಸ್‌ಎಂಪಿಎಸ್‌ಗಳು ಬೇರೆ ಬೇರೆ ಸಾಕೆಟ್ಟಿನಲ್ಲಿದ್ದು, ಅವುಗಳಲ್ಲೊಂದಕ್ಕೆ ಅರ್ಥಿಂಗ್ ಸರಿಯಿಲ್ಲದಿದ್ದರೆ ಅಪಾಯ ಹೆಚ್ಚು.

ಬಹುಪಾಲು ಜನರಿಗೆ ಈ ಕಷ್ಟವೇ ಬೇಕಿಲ್ಲ. ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡಿನ ಬಳಕೆ 115 ವ್ಯಾಟ್. 575 ವ್ಯಾಟ್ ಬೇಡುವ ಆರ್‌ಟಿಎಕ್ಸ್ 5090ಗೂ ತಯಾರಕರು ಸೂಚಿಸುವುದು 1000 ವ್ಯಾಟಿನ ಒಂದೇ ಎಸ್‌ಎಂಪಿಎಸ್ ಅನ್ನು. ಕೊಳ್ಳುವವರು ದೊಡ್ಡ ಅಕ್ಷರದ ವ್ಯಾಟ್ ಸಂಖ್ಯೆಗೆ ಮರುಳಾಗದೆ, ಲೇಬಲ್ಲಿನಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಎಂದು ಬರೆದಿದೆ ಎಂಬುದನ್ನು ಓದಬೇಕು. 500 ವ್ಯಾಟ್ ಎಂದು ಬರೆದು 12 ವೋಲ್ಟಿನಲ್ಲಿ 20 ಆಂಪಿಯರ್ ಮಾತ್ರ ಕೊಡುವ ಎಸ್‌ಎಂಪಿಎಸ್‌ನಿಂದ ಕಾರ್ಡ್, ಪ್ರೊಸೆಸರ್ ಎರಡಕ್ಕೂ ಸೇರಿ ಸಿಗುವುದು 240 ವ್ಯಾಟ್ ಅಷ್ಟೇ. ಹಾರ್ಡ್‌ಡಿಸ್ಕಿನ ಮೋಲೆಕ್ಸ್ ಕೇಬಲ್ಲಿನಿಂದ 8 ಪಿನ್ನಿಗೆ ಬದಲಿಸುವ ಕನ್ವರ್ಟರುಗಳನ್ನಂತೂ ಬಳಸಲೇಬಾರದು. ಆ ಪಿನ್ನುಗಳು ಬಿಸಿಯಾಗಿ ಕರಗಬಹುದು.

ಎರಡು ಎಸ್‌ಎಂಪಿಎಸ್ ಅನಿವಾರ್ಯವಾದರೆ ಎರಡನ್ನೂ ಒಟ್ಟಿಗೆ ಚಾಲೂ ಮಾಡುವ ಅಡಾಪ್ಟರ್ ಬೋರ್ಡ್ ಹಾಕಿ, ಸರಿಯಾದ ಅರ್ಥಿಂಗ್ ಇರುವ ಒಂದೇ ಕಡೆಯಿಂದ, ಎರಡರ ಭಾರವನ್ನೂ ತಾಳುವ ಒಂದೇ ಯುಪಿಎಸ್ ಮೂಲಕ ವಿದ್ಯುತ್ ಕೊಡಬೇಕು. ಕಂಪ್ಯೂಟರ್ ಜೋಡಿಸುವ ಅಂಗಡಿಯವರು 12 ವೋಲ್ಟಿನ ಆಂಪಿಯರ್ ಸಾಮರ್ಥ್ಯವನ್ನು ಬಿಲ್ಲಿನಲ್ಲಿ ಬರೆದುಕೊಡಲಿ. ಸರ್ಕಾರಿ ಕಾಲೇಜುಗಳು ಪ್ರಯೋಗಾಲಯಕ್ಕೆ ಟೆಂಡರ್ ಕರೆಯುವಾಗ ಕಾರ್ಡಿನ ಹೆಸರಿನ ಜೊತೆಗೆ ಎಸ್‌ಎಂಪಿಎಸ್‌ನ ವಿವರವನ್ನೂ ಕೇಳಲಿ. ಜಿಲ್ಲೆಯ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳು ಹಾರ್ಡ್‌ವೇರ್ ತರಗತಿಗಳಲ್ಲಿ ಅರ್ಥಿಂಗ್ ಪರೀಕ್ಷೆಯನ್ನು ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸಲಿ ಎಂದು ವಿನಂತಿಸುತ್ತೇನೆ.

— ಒಬ್ಬ ವಿಡಿಯೊ ಸಂಕಲನಕಾರ, ಸಾಗರ