ಗ್ಲಾಕೋಮಾ ಅಲ್ಲ ಅಂತ ಕಂಡುಹಿಡಿದವರಿಗೆ

ಎಲ್ಲರಿಗೂ ನಮಸ್ಕಾರ. ಆಪರೇಷನ್ ನಂತರದ ಎಂಆರ್‌ಐ ರಿಪೋರ್ಟ್ ಬಂದಿದೆ. ಕಣ್ಣಿನ ನರಗಳನ್ನು ಒತ್ತುತ್ತಿದ್ದ ಗಡ್ಡೆ ಉಳಿದಿಲ್ಲ. ವಿಚಾರಿಸಿದವರಿಗೆಲ್ಲ ಬೇರೆ ಬೇರೆ ಉತ್ತರಿಸಲು ಆಗಲಿಲ್ಲ, ಅದಕ್ಕೇ ಈ ಬರಹ.

ಗ್ಲಾಕೋಮಾ, ಅಂದರೆ ಹೆಚ್ಚಾಗಿ ಕಣ್ಣಿನ ಒಳಗಿನ ಒತ್ತಡ ಏರಿ ಕಣ್ಣಿನ ನರ ಹಾಳಾಗುವ ಕಾಯಿಲೆ ಅಂತ ನಾನು ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದದ್ದು ನಿಮಗೆ ಗೊತ್ತು. ಕಣ್ಣಿನ ಒತ್ತಡ ಮಾತ್ರ ಯಾವತ್ತೂ 21 ದಾಟಿರಲಿಲ್ಲ, ಅಂದರೆ ಸಾಮಾನ್ಯವೇ. ಒತ್ತಡ ಸರಿಯಿದ್ದೂ ಗ್ಲಾಕೋಮಾ ಬರುವುದುಂಟು. ಕಣ್ಣಿನ ನರದ ನಡುವಿನ ಗುಳಿಯೂ ದೊಡ್ಡದಾಗಿತ್ತು, ಅದೂ ಗ್ಲಾಕೋಮಾದ ಲಕ್ಷಣವೇ. ಹಾಗಾಗಿ ಮೊದಲು ನೋಡಿದ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ.

ಮೊದಲ ಥ್ಯಾಂಕ್ಸ್ ಫೀಲ್ಡ್ ಟೆಸ್ಟ್ ಮಾಡಿದ ಹುಡುಗಿಗೆ. ಸುತ್ತ ಎಲ್ಲೆಲ್ಲಿ ಕಾಣುತ್ತದೆ, ಎಲ್ಲಿ ಕಾಣುವುದಿಲ್ಲ ಅಂತ ನೋಡಲು, ಗದ್ದ ಊರಿ ಕೂತು, ಬೆಳಕಿನ ಚುಕ್ಕಿ ಕಂಡಾಗೆಲ್ಲ ಗುಂಡಿ ಒತ್ತುವ ಟೆಸ್ಟ್ ಅದು. ನಿದ್ದೆ ಬರುತ್ತದೆ, ಸುಳ್ಳಲ್ಲ. ಎರಡೂ ಕಣ್ಣಲ್ಲಿ ಹೊರಗಿನ ಅರ್ಧ ಕಪ್ಪಾಗಿ, ನಟ್ಟನಡುವೆ ಮೇಲಿಂದ ಕೆಳಕ್ಕೆ ಗೆರೆ ಎಳೆದಂತೆ ನಿಂತಿತ್ತು. ಗ್ಲಾಕೋಮಾದಲ್ಲಿ ಸಾಮಾನ್ಯವಾಗಿ ಅಡ್ಡ ಗೆರೆಯ ಹತ್ತಿರ ನಿಲ್ಲುತ್ತದೆ. ಅವಳು ಕಾಗದವನ್ನು ಸುಮ್ನೆ ಫೈಲಿಗೆ ಸೇರಿಸದೆ ನೇರ ಡಾಕ್ಟರ ಕೈಗೆ ಕೊಟ್ಟಳು.

ಆ ಎರಡನೇ ಡಾಕ್ಟರ್ ಒಂದು ಕೆಂಪು ಮುಚ್ಚಳ ಹಿಡಿದು, ಒಂದೊಂದೇ ಕಣ್ಣಲ್ಲಿ ಬಣ್ಣ ಹೇಗಿದೆ ಅಂತ ಕೇಳಿದರು. ಎಡಗಣ್ಣಿಗೆ ಅದು ಮಾಸಿದ ಇಟ್ಟಿಗೆ ಬಣ್ಣ. ನರದ ಅಂಚು ನೋಡಿ, “ಗುಳಿಯ ಗಾತ್ರಕ್ಕೆ ಹೋಲಿಸಿದರೆ ನರ ತೀರಾ ಜಾಸ್ತಿ ಬಿಳಿಚಿಕೊಂಡಿದೆ, ಎಂಆರ್‌ಐ ಮಾಡಿಸೋಣ” ಅಂದರು. ಗ್ಲಾಕೋಮಾದಲ್ಲಿ ಉಳಿದ ಅಂಚು ಸಾಮಾನ್ಯವಾಗಿ ಗುಲಾಬಿಯಾಗಿಯೇ ಇರುತ್ತದಂತೆ. ಸ್ಕ್ಯಾನಿನಲ್ಲಿ ಪಿಟ್ಯುಟರಿ ಗ್ರಂಥಿಯ (ಮೆದುಳಿನ ಬುಡದಲ್ಲಿರುವ, ಹಾರ್ಮೋನ್ ಬಿಡುವ ಪುಟ್ಟ ಗ್ರಂಥಿ) ಗಡ್ಡೆ ಕಂಡಿತು. ಎರಡು ಕಣ್ಣಿನ ನರಗಳು ಕೂಡುವ ಜಾಗವನ್ನು ಅದು ಕೆಳಗಿನಿಂದ ಒತ್ತುತ್ತಿತ್ತು. ಕ್ಯಾನ್ಸರ್ ಅಲ್ಲ. ಈ ಜಾತಿಯ ಗಡ್ಡೆಗಳು ಬಹುಪಾಲು ಹಾಗೇ.

ಮೂಗಿನ ಮೂಲಕವೇ ಗಡ್ಡೆ ತೆಗೆದ ಸರ್ಜನ್ ತಂಡಕ್ಕೆ ಏನು ಹೇಳಲಿ! ವಾರ್ಡಿನ ನರ್ಸ್‌ಗಳಿಗೂ ಅಷ್ಟೇ ಋಣಿ. ಕುಡಿದ ನೀರು, ಹೋದ ಮೂತ್ರ ಎಲ್ಲದಕ್ಕೂ ರಾತ್ರಿಯಿಡೀ ಲೆಕ್ಕ. ಮೂತ್ರದ ಹದ ಕಾಯುವ ಹಾರ್ಮೋನ್ ಆ ಗ್ರಂಥಿಯಿಂದಲೇ ಬರುತ್ತದಲ್ಲ. ಮೂಗು ಸೀಟಿದರೆ ಬೈಗುಳ ಬೇರೆ.

ಅಕ್ಕ, ಭಾವ, ನಿಮಗೆ ಥ್ಯಾಂಕ್ಸ್ ಅಂದರೆ ಬೈಯುತ್ತೀರಿ. ಆದರೂ ಹೇಳುತ್ತೇನೆ.

ಬಲಗಣ್ಣು ಬಹುಮಟ್ಟಿಗೆ ಸರಿಯಾಗಿದೆ. ಎಡಗಣ್ಣಿನ ಹೊರಬದಿ ಇನ್ನೂ ಮಸುಕು, ಪೂರ್ತಿ ಬರುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ. ನನ್ನ ಡ್ರಾಪ್ಸ್ ನಿಲ್ಲಿಸಿದ್ದು ಡಾಕ್ಟರು. ಇದನ್ನು ಓದಿ ನೀವಾಗಿಯೇ ನಿಲ್ಲಿಸಬೇಡಿ, ಗ್ಲಾಕೋಮಾ ಅಂದವರಲ್ಲಿ ಗಡ್ಡೆ ಸಿಗುವುದು ಅಪರೂಪ. ಒತ್ತಡ ಸರಿಯಿದ್ದೂ ದೃಷ್ಟಿ ಬೇಗ ಬೇಗ ಇಳಿಯುತ್ತಿದ್ದರೆ, ಬಣ್ಣ ಮಾಸಿದಂತೆ ಕಂಡರೆ, ಫೀಲ್ಡ್ ಟೆಸ್ಟಿನ ಕಾಗದ ಹಿಡಿದು ಇನ್ನೊಮ್ಮೆ ಕೇಳಿ.