ಬಿಳಿ ಕೋಟು ಬಿಚ್ಚಿಟ್ಟ ತಂಗಿಗೆ

ಕಳೆದ ವಾರ ಕಾರವಾರದಲ್ಲಿ ಮಗಳ ಶಾಲೆಗೆ ಡಾಕ್ಟರರ ಜೊತೆ ಮೆಡಿಕಲ್ ವಿದ್ಯಾರ್ಥಿಗಳು ಬಂದಿದ್ದರು, ಕೈ ತೊಳೆಯುವುದು, ಉಗುರು ಕತ್ತರಿಸುವುದು ಕಲಿಸಲಿಕ್ಕೆ. ನಾನೂ ಹೋಗಿದ್ದೆ. ಎಲ್ಲ ಮಕ್ಕಳೂ ಕೈ ಚಾಚಿದರೆ ನನ್ನ ಮಗಳದ್ದು ಮಾತ್ರ ಒಂದು ಕೈ ಬೆನ್ನ ಹಿಂದೆ. ಉಗುರು ಕಚ್ಚಿ ಕಚ್ಚಿ ಉಗುರುಸುತ್ತು ಆಗಿತ್ತು. ಬಿಳಿ ಕೋಟು ಕಂಡರೆ ಸೂಜಿ ಅಂತಲೇ ಹೆದರಿಕೆ. ನನಗೂ ಮುಟ್ಟಲು ಬಿಡುತ್ತಿರಲಿಲ್ಲ. ಎರಡು ರಾತ್ರಿ ಇಬ್ಬರಿಗೂ ನಿದ್ದೆ ಇಲ್ಲ.

ನೀವು ಗದರಲಿಲ್ಲ. ಕೋಟು ಬಿಚ್ಚಿಟ್ಟು ಅವಳೆದುರು ನೆಲದ ಮೇಲೆ ಕೂತಿರಿ. ನಿಮ್ಮ ಕೈಗೇ ಸೋಪು ಹಚ್ಚಿಕೊಂಡು, 20ರವರೆಗೆ ಎಣಿಸು ಅಂದಿರಿ. 14 ಅನ್ನುವಷ್ಟರಲ್ಲಿ ಅವಳ ಕೈ ತಾನಾಗಿ ಮುಂದೆ ಬಂತು! ಹಿರಿಯ ಡಾಕ್ಟರರನ್ನು ಕರೆದು ತೋರಿಸಿದಿರಿ. ಅವರು ನೋಡುವಷ್ಟು ಹೊತ್ತೂ ಅವಳ ಇನ್ನೊಂದು ಕೈ ನಿಮ್ಮ ಕೈಯಲ್ಲೇ ಇತ್ತು.

ಹೆಸರು ಕೇಳಲು ಮರೆತೆ. ತುಂಬಾ ಥ್ಯಾಂಕ್ಸ್ ತಂಗಿ. ಈಗ ಊಟಕ್ಕೆ ಮೊದಲು ಅವಳು ಅಜ್ಜನ ಕೈಗೂ ಸೋಪು ಹಚ್ಚಿ ಎಣಿಸುತ್ತಾಳೆ.