ಬಸ್ರಾದ ಕುಂಬಾರರದ್ದು ಬರೀ ನಕಲಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಹಳೆಯ ಪಿಂಗಾಣಿ ಬಗ್ಗೆ ಬಂದ ಲೇಖನ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ಅರಬ್ ನಾಡಿನ ಕುಂಬಾರರು ಚೀನಾದವರನ್ನು ಸುಮ್ನೆ ನಕಲು ಮಾಡಿದರು ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದು ಆ ಕುಂಬಾರರಿಗೆ ಮಾಡಿದ ಅನ್ಯಾಯ.

9ನೇ ಶತಮಾನದಲ್ಲಿ ಇರಾಕಿಗೆ ಚೀನಾದ ಬಿಳಿ ಬಟ್ಟಲುಗಳು ಹಡಗಿನಲ್ಲಿ ಬರುತ್ತಿದ್ದವು ನಿಜ. ಅಂಥದ್ದನ್ನು ಮಾಡಲು ಬೇಕಾದ ಬಿಳಿ ಮಣ್ಣು ಇರಾಕಿನಲ್ಲಿ ಇರಲಿಲ್ಲ, 1,200 ಡಿಗ್ರಿ ದಾಟುವ ಆವಿಗೆಯೂ ಇರಲಿಲ್ಲ. ಹಾಗಾಗಿ ಅವರು ತಮ್ಮ ಹಳದಿ ಮಣ್ಣಿನ ಬಟ್ಟಲಿಗೆ ತವರ ಬೆರೆಸಿದ ಗಾಜಿನಂಥ ಮೆರುಗು ಕೊಟ್ಟು ಬೆಳ್ಳಗೆ ಮಾಡಿದರು, ಅದರ ಮೇಲೆ ಕೋಬಾಲ್ಟ್ ಎಂಬ ಲೋಹದಿಂದ ಬರುವ ನೀಲಿಯಲ್ಲಿ ಚಿತ್ತಾರ ಬರೆದರು. ಇನ್ನೊಂದು ಮಾತು. ಇಂಥ ಕೆಲವು ಬಟ್ಟಲುಗಳ ಹೊಳಪನ್ನು ಲೇಖನದಲ್ಲಿ ಚಿನ್ನದ ಲೇಪ ಅಂದಿದ್ದೀರಲ್ಲ, ಅದು ಚಿನ್ನ ಅಲ್ಲವೇ ಅಲ್ಲ. ಬೆಳ್ಳಿ ಮತ್ತು ತಾಮ್ರದ ಮಿಶ್ರಣ ಬಳಿದು ಹೊಗೆ ತುಂಬಿದ ಆವಿಗೆಯಲ್ಲಿ ಇನ್ನೊಮ್ಮೆ ಸುಟ್ಟಾಗ, ಲೋಹದ ಅತಿ ಸಣ್ಣ ಕಣಗಳು ಮೆರುಗಿನೊಳಗೆ ಕೂತು ಹಾಗೆ ಹೊಳೆಯುತ್ತವೆ. ಇದನ್ನು ಚೀನಾದವರಿಂದ ಕಲಿತದ್ದಲ್ಲ.

ಇದೆಲ್ಲ ಎಲ್ಲಿ ತಯಾರಾಯಿತು ಅನ್ನುವುದನ್ನು ಕಂಡುಹಿಡಿದ ರೀತಿಯೇ ನನಗೆ ತುಂಬ ಇಷ್ಟ. ಇರಾಕಿನ ಸಮಾರಾ ನಗರದಲ್ಲಿ ಜಾಸ್ತಿ ಸಿಕ್ಕಿದ್ದರಿಂದ ಬಹಳ ಕಾಲ ಇವನ್ನು ಸಮಾರಾದ ಹೆಸರಿನಲ್ಲೇ ಕರೆಯುತ್ತಿದ್ದರು. ಟೊರಾಂಟೊದ ರಾಯಲ್ ಒಂಟಾರಿಯೊ ಮ್ಯೂಸಿಯಂನ ರಾಬರ್ಟ್ ಮೇಸನ್ ಮಡಕೆ ಚೂರುಗಳನ್ನು ಬೆಳಕು ದಾಟುವಷ್ಟು ತೆಳ್ಳಗೆ, ಅಂದರೆ ಸುಮಾರು 0.03 ಮಿಲಿಮೀಟರಿಗೆ ಉಜ್ಜಿ, ಸೂಕ್ಷ್ಮದರ್ಶಕದಲ್ಲಿಟ್ಟು ಮಣ್ಣಿನ ಖನಿಜಗಳನ್ನು ನೋಡಿದರು. ಮಣ್ಣು ದಕ್ಷಿಣ ಇರಾಕಿನ ಬಸ್ರಾ ನಗರದ್ದು! ಇರಾನಿನ ಸಿರಾಫ್ ಬಂದರಿನಲ್ಲಿ ಸಿಕ್ಕ ಇಂಥ ಚೂರುಗಳ ಮೂಲವೂ ಅಲ್ಲೇ.

ವ್ಯಾಪಾರವೂ ಒಂದೇ ದಿಕ್ಕಿನದ್ದಲ್ಲ. ಚೀನಾದ ಫುಜೋ ನಗರದಲ್ಲಿ 930ರಲ್ಲಿ ತೀರಿಕೊಂಡ ಲಿಯು ಹುವಾ ಎಂಬ ರಾಜಮನೆತನದ ಹೆಣ್ಣುಮಗಳ ಸಮಾಧಿಯಲ್ಲಿ ಪಶ್ಚಿಮ ಏಷ್ಯಾದ ಮೂರು ದೊಡ್ಡ ಹಸಿರು-ನೀಲಿ ಜಾಡಿಗಳು ಸಿಕ್ಕಿವೆ. ಚೀನಾದ ಹೆಮ್ಮೆಯ ನೀಲಿ-ಬಿಳಿ ಪಿಂಗಾಣಿಯನ್ನೇ ತಗೊಳ್ಳಿ. 14ನೇ ಶತಮಾನದ ಪಾತ್ರೆಗಳನ್ನು ಎಕ್ಸ್-ರೇ ಹಾಯಿಸಿ ಪರೀಕ್ಷಿಸಿದರೆ ಆ ನೀಲಿಯಲ್ಲಿ ಕಬ್ಬಿಣ ಜಾಸ್ತಿ, ಮ್ಯಾಂಗನೀಸ್ ಕಡಿಮೆ. ಚೀನಾದ್ದೇ ಆದ ಕೋಬಾಲ್ಟಿನಲ್ಲಿ ಮ್ಯಾಂಗನೀಸ್ ಜಾಸ್ತಿ ಇರುತ್ತದೆ. ಅಂದರೆ ಬಣ್ಣ ಹೊರಗಿನಿಂದ ತರಿಸಿದ್ದು. ಹೀಗಿರುವಾಗ ಯಾರು ಯಾರನ್ನು ನಕಲು ಮಾಡಿದರು ಅನ್ನೋಣ, ಅಲ್ವಾ?

ಬೀದರಿನವನಾದ್ದರಿಂದ ಒಂದು ಕೋರಿಕೆ. ಇರಾನಿನ ಗಿಲಾನ್ ಪ್ರದೇಶದಿಂದ ಬಂದ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ನಮ್ಮೂರಲ್ಲಿ ಕಟ್ಟಿಸಿದ ಮದರಸಾದ ಗೋಡೆ ಮತ್ತು ಮಿನಾರಿನ ಮೇಲೆ ಇರಾನಿ ಪರಂಪರೆಯ ಬಣ್ಣದ ಟೈಲ್ಸ್ ಇನ್ನೂ ಅಲ್ಲಲ್ಲಿ ಉಳಿದಿವೆ. ಅವನ್ನು ಎಲ್ಲಿ ಸುಟ್ಟರು, ಬಣ್ಣ ಯಾವುದು, ಇಂಥ ಪರೀಕ್ಷೆಗಳಿಂದ ಏನು ತಿಳಿಯಬಹುದು ಎಂಬುದನ್ನು ತಜ್ಞರಿಂದ ಕನ್ನಡದಲ್ಲಿ ಬರೆಸಿ, ಅದೇ ಪುರವಣಿಯಲ್ಲಿ ಪ್ರಕಟಿಸಿ.

– ಒಬ್ಬ ಓದುಗ, ಬೀದರ್